ಡಬ್ಬಿ ತುಂಬ ಇಟ್ಟುಕೊಂಡು ಕೇಳಿದ ಸಕ್ಕರೆ

ನಿಮಗೆ ಗೊತ್ತಿಲ್ಲದ ಹಾಗೆ ನಾನು ಕೈಗಡ ಮಾಡುತ್ತಿದ್ದೆ. ದುಡ್ಡಲ್ಲ — ಸಕ್ಕರೆ, ಕಾಫಿಪುಡಿ, ಹೆಪ್ಪು, ಒಮ್ಮೆ ಮೊರ, ಒಮ್ಮೆ ತೆಂಗಿನಕಾಯಿ ತುರಿಯುವ ಮಣೆ. ಮನೆಯಲ್ಲಿ ಎಲ್ಲವೂ ಇತ್ತು. ಇದ್ದೂ ಕೇಳಿದೆ. ಕೇಳುವುದಕ್ಕೊಂದು ನೆಪ ಬೇಕಲ್ಲ — ಅದಕ್ಕೆ ನಿಮ್ಮ ಮೇಲೆ ಸುಳ್ಳು ಹೇಳಿದೆ. ಗಂಡನಾದ ನಿಮ್ಮ ಹತ್ತಿರವೇ ಇಷ್ಟು ವರ್ಷ ಇದನ್ನು ಮುಚ್ಚಿಟ್ಟವಳು ನಾನು.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾಗಮಂಗಲದಲ್ಲಿ ನಿಮ್ಮಣ್ಣನ ಕೈಕೆಳಗೆ ಮರಗೆಲಸ ಮಾಡಿ ಸಾಕಾಗಿ ನಾವಿಬ್ಬರೂ ಪಾಲಹಳ್ಳಿಗೆ ಬಂದಿದ್ದೆವು. ಊರಿಗೆ ಹೊಸಬರು. ಯಾರ ಹತ್ತಿರವೂ ಕೈ ಚಾಚಬಾರದು ಎನ್ನುವುದು ನಿಮ್ಮ ಹಠ. ಪಕ್ಕದ ಮನೆಯಿಂದ ಬೆಂಕಿಪೊಟ್ಟಣ ತಂದರೂ ನಿಮ್ಮ ಮುಖ ಊದಿಕೊಳ್ಳುತ್ತಿತ್ತು. ಮೊದಮೊದಲು ನನಗೂ ಅದು ಹೆಮ್ಮೆಯೇ ಆಗಿತ್ತು.

ಒಂದು ದಿನ ನೀವು ಕೆಲಸಕ್ಕೆ ಹೋದಾಗ ನೆಂಟರು ಬಂದರು. ಸಕ್ಕರೆ ತರಿಸಲು ನಾನೇ ಮರೆತಿದ್ದೆ. ಬೇರೆ ದಾರಿ ಕಾಣದೆ ಲೋಟ ಹಿಡಿದು ಪಕ್ಕದ ಜಯಕ್ಕನ ಬಾಗಿಲಿಗೆ ಹೋದೆ. ಗದ್ದೆ, ಕಬ್ಬು, ಎಮ್ಮೆ ಎಲ್ಲ ಇದ್ದ ಗೌಡರ ಮನೆ. ಜಯಕ್ಕ ನನ್ನ ಲೋಟ ನೋಡಿ ಮುಖದ ತುಂಬ ನಕ್ಕಳು.

"ಅಂತೂ ಬಂದ್ಯಲ್ಲ. ನಮ್ಮನೇದು ನಿಮ್ಗೆ ಆಗಕಿಲ್ವೇನೋ ಅನ್ಕಂಡಿದ್ದೆ ಕಣವ್ವ."

ನಮ್ಮ ಹೆಮ್ಮೆ ಗೋಡೆಯ ಆಚೆಗೆ ಹೀಗೆ ಕಾಣುತ್ತಿತ್ತೇ — ನನಗೆ ಹೊಳೆದೇ ಇರಲಿಲ್ಲ. ಮಾರನೆಯ ದಿನ ಲೋಟದ ಕಂಠ ಮೀರಿ ಸಕ್ಕರೆ ತುಂಬಿ ವಾಪಸ್ಸು ಕೊಟ್ಟೆ. ಬರಿಗೈಯಲ್ಲಿ ಕಳಿಸಬಾರದೆಂದು ಅವಳು ತನ್ನದೊಂದು ಪಾತ್ರೆಯಲ್ಲಿ ಅವರೆಕಾಳು ಹಾಕಿ ಕೊಟ್ಟಳು. ಮತ್ತೆ ಆ ಪಾತ್ರೆಯನ್ನು ನಾನು ಬರಿದೇ ಕಳಿಸುವುದು ಹೇಗೆ?

ಆಮೇಲೆ ನಿಲ್ಲಿಸಲು ಆಗಲಿಲ್ಲ. ತುಂಬಿದ ಡಬ್ಬಿಯನ್ನು ಅಕ್ಕಿಮೂಟೆಯ ಹಿಂದೆ ಸರಿಸಿ, ಸೆರಗಿನಲ್ಲಿ ಲೋಟ ಮುಚ್ಚಿಕೊಂಡು ಹೊರಟರೆ — ಅದರ ಖುಷಿ ನಿಮಗೆ ಹೇಗೆ ಹೇಳಲಿ. ಆ ಊರಿನಲ್ಲಿ ನನ್ನನ್ನು ಹೆಸರು ಹಿಡಿದು ಕೂಗುವವರು ಹುಟ್ಟಿಕೊಂಡರು. ತುರಿಯುವ ಮಣೆ ಕೇಳಿದ ದಿನ ಮಾತ್ರ ಸಿಕ್ಕಿಬೀಳುವುದರಲ್ಲಿದ್ದೆ.

"ಆಚಾರ್ರ ಮನೇಲಿ ತುರಿಯೋ ಮಣೆ ಇಲ್ವಾ?" ಎಂದಳು ಜಯಕ್ಕ.

"ಊರಿಗೆಲ್ಲ ಮಾಡ್ಕೊಡ್ತಾರೆ ಕಣಕ್ಕ. ಮನೆ ಕಡೆ ಗ್ಯಾನವೇ ಇಲ್ಲ ಅವ್ರಿಗೆ," ಎಂದುಬಿಟ್ಟೆ.

ನೀವು ಹಲಸಿನ ಮರದಲ್ಲಿ, ಅಂಚಿಗೆ ಬಳ್ಳಿ ಕೆತ್ತಿ ನನಗಾಗಿ ಮಾಡಿದ ಮಣೆ ಆ ಹೊತ್ತಿಗೆ ಅಟ್ಟದ ಮೇಲಿತ್ತು — ನಾನೇ ಎತ್ತಿಟ್ಟಿದ್ದೆ. ನನ್ನ ಮಾತು ಕೇರಿಯೆಲ್ಲ ಸುತ್ತಿತು. ಹೆಂಡತಿಗೆ ಏನೂ ತಂದುಹಾಕದ ಗಂಡ ಎಂದು ಆಡಿಕೊಂಡರು. ಕೇಳಿಸಿಕೊಂಡೂ ಸುಮ್ಮನಿದ್ದೆ.

ಅಷ್ಟರಲ್ಲಿ ಶ್ರೀರಂಗಪಟ್ಟಣದ ದೊಡ್ಡ ಛತ್ರವೊಂದಕ್ಕೆ ಬಾಗಿಲು ಕಿಟಕಿಗಳನ್ನು ಮಾಡುವ ಕೆಲಸ ನಿಮಗೆ ಸಿಕ್ಕಿತು. ಮರ ಉಜ್ಜುವ ಮಿಷನ್ನು ಇಲ್ಲದೆ ಮುಗಿಯುವ ಕೆಲಸವಲ್ಲ. ಕೈಬಿಟ್ಟರೆ ಮತ್ತೆ ಅಣ್ಣನ ಕೈಕೆಳಗೇ. ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಜೀವನದಲ್ಲಿ ಮೊದಲ ಸಲ ಸಾಲ ಕೇಳಲು ಸಹಕಾರ ಸಂಘಕ್ಕೆ ಹೋದಿರಿ. ಇದುವರೆಗೆ ಒಂದು ಪೈಸೆ ಸಾಲ ಮಾಡಿದವನಲ್ಲ ಎಂದು ಎದೆಯುಬ್ಬಿಸಿ ಹೇಳಿದಿರಂತೆ. ಅಲ್ಲಿನ ಕಾರ್ಯದರ್ಶಿಯ ಉತ್ತರವನ್ನು ನೀವೇ ಬಂದು ನನಗೆ ಒಪ್ಪಿಸಿದಿರಿ:

"ಅದೇ ತೊಂದ್ರೆ ಆಚಾರ್ರೆ. ತಕಂಡು ಕಟ್ಟಿದ್ರೆ ತಾನೆ ನೀವೆಂಥೋರು ಅಂತ ಗೊತ್ತಾಗೋದು? ಊರೋರು ಯಾರಾದ್ರೂ ಜಾಮೀನು ಆಕ್ಲಿ, ನೋಡವ."

ನಿಮ್ಮ ಮುಖ ನೋಡಲಾಗಲಿಲ್ಲ. ನಾನು ಹಿತ್ತಿಲಿನಿಂದ ಜಯಕ್ಕನ ಮನೆಗೆ ಹೋದೆ — ಈ ಸಲ ಬರಿಗೈಯಲ್ಲಿ. ಅವಳ ಗಂಡ ಚಿಕ್ಕೇಗೌಡರು ಎಮ್ಮೆಗೆ ಹುಲ್ಲು ಹಾಕುತ್ತಾ ಎಲ್ಲವನ್ನೂ ಕೇಳಿಸಿಕೊಂಡು, ಸಾಲದ ವಿಷಯವೆಂದು ಹಿಂಜರಿದರು. ಜಯಕ್ಕ ಬಿಡಲಿಲ್ಲ.

"ಇವ್ರ ಮನೇಗೆ ಕೊಟ್ಟಿದ್ದು ಯಾವತ್ತಾರ ಕಮ್ಮಿಯಾಗಿ ಬಂದದಾ? ತುಂಬ್ಕಂಡೇ ಬಂದದೆ. ಓಗಿ ರುಜು ಆಕಿ."

ಹಾಕಿದರು. ನಾನು ಹೋಗಿ ಕೇಳಿದ್ದು ನಿಮಗೆ ಗೊತ್ತಾಗಲಿಲ್ಲ. ಮಿಷನ್ನು ಬಂದ ದಿನ ಕೇರಿಗೆಲ್ಲ ಪಾಯಸ ಹಂಚಿದೆವು. ಮೀಸೆಗೆ ಮರದ ಹೊಟ್ಟು ಮೆತ್ತಿಕೊಂಡು ನೀವು ಮಗುವಿನ ಹಾಗೆ ಓಡಾಡಿದಿರಿ. "ಮೊದ್ಲು ಮನೆಗೊಂದು ತುರಿಯೋ ಮಣೆ ಮಾಡ್ಕೊಡಿ ಆಚಾರ್ರೆ," ಎಂದರು ಗೌಡರು. ನೆರೆದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ನೀವು — ಯಾಕೆ ನಕ್ಕರೆಂದು ಗೊತ್ತಿಲ್ಲದವರೂ ನೀವೊಬ್ಬರೇ. ಅಷ್ಟು ಸಂತೋಷದ ದಿನ ಇನ್ನೊಂದು ಬರಲಿಲ್ಲ. ಆದರೂ ಅದನ್ನು ನೆನೆದಾಗಲೆಲ್ಲ ನನಗೆ ಆ ನಗು ಚುಚ್ಚುತ್ತದೆ.

ಸಾಲ ತೀರಿತು, ಕೆಲಸ ಬೆಳೆಯಿತು. ಯಾರಲ್ಲೂ ಕೈ ಚಾಚಲಿಲ್ಲ, ಅದಕ್ಕೇ ಗೌಡರು ನಂಬಿದರು ಎಂದು ನೀವು ಹೇಳುತ್ತಾ ಬಂದಿರಿ. ನಾನು ಹೂಂಗುಟ್ಟುತ್ತಾ ಬಂದೆ. ಈಗ ಅದನ್ನೇ ಮಗ ಸೊಸೆಗೂ ಹೇಳಿದ್ದೀರಿ — ಪಾಂಡವಪುರದಲ್ಲಿ ಹೊಸದಾಗಿ ಮನೆ ಮಾಡಲು ಹೊರಟ ಮಕ್ಕಳಿಗೆ. ಸೊಸೆ ತಲೆಯಾಡಿಸಿದಳು. ಅವಳೂ ಹೊಸ ಕೇರಿಯಲ್ಲಿ ಬಾಗಿಲು ಹಾಕಿಕೊಂಡು ಕೂತರೆ — ಇಲ್ಲ, ಇನ್ನು ನಾನು ಹೂಂಗುಟ್ಟಲಾರೆ. ಅವಳಿಗೆ ನಿಜ ಹೇಳುತ್ತೇನೆ, ಕೇಳುವುದಕ್ಕೆ ಸುಳ್ಳು ಬೇಕಿಲ್ಲ ಎಂಬುದನ್ನೂ ಸೇರಿಸಿ.

ಈ ಹಾಳೆ ನಿಮ್ಮ ಕೈಗಿಟ್ಟು ನಾನು ಜಯಕ್ಕನ ಮನೆಗೆ ಹೋಗುತ್ತಿದ್ದೇನೆ. ಗೌಡರೂ ಇದ್ದಾರೆ. ನಮ್ಮನೆಯವರು ನನಗೆ ಯಾವುದಕ್ಕೂ ಕಮ್ಮಿ ಮಾಡಿದವರಲ್ಲ, ಇಲ್ಲ ಎಂದದ್ದೆಲ್ಲ ನನ್ನ ಬಾಯಿ ಎಂದು ಅವರಿಬ್ಬರ ಎದುರೂ ಹೇಳುತ್ತೇನೆ. ಅವರು ನಗಬಹುದು. ನೀವು ನಗದಿದ್ದರೆ ಯಾಕೆಂದು ನಾನು ಕೇಳುವುದಿಲ್ಲ.