ಗದಿಗೆವ್ವನ ಹೆಸರಿನ ಮುಂದಿನ ಐದು

ಬ್ಯಾಡಗಿಯ ಮೆಣಸಿನಕಾಯಿ ಕಂಪನಿಯೊಂದರಲ್ಲಿ ಕಾಯಿ ಆರಿಸುವ ಹೆಂಗಸರ ಮುಕಾದಮನಾಗಿರುವ ಮಲಂಗಸಾಬ ಬಹಳ ಸಂಭಾವಿತ ಮನುಷ್ಯನೆಂದು ಊರು ಹೇಳುತ್ತದೆ. ಅವನ ಮುಂದೆ ಮಾತ್ರ ಆ ಮಾತು ಆಡಬೇಡಿ. ಆಡಿದರೆ ಮುಖ ಆ ಕಡೆ ತಿರುಗಿಸಿ ಜೇಬಿನಲ್ಲಿ ಬೀಡಿ ಹುಡುಕುತ್ತಾನೆ. ಬೀಡಿ ಎಲ್ಲಿಂದ ಸಿಗಬೇಕು? ಅವನು ಬೀಡಿ ಸೇದುವವನೇ ಅಲ್ಲ.

ಊರು ರಾಣೆಬೆನ್ನೂರಿನ ಹತ್ತಿರದ ಕುಪ್ಪೇಲೂರು. ಏಳನೇ ಇಯತ್ತೆ ಪಾಸಾಗಿ, ಮನೆಯ ಹೊಲದಲ್ಲಿ ನಾಲ್ಕಾರು ವರ್ಷ ಗೇದು, ಮೀಸೆ ದಪ್ಪಗಾದ ಮೇಲೆ ಚೀಲ ಹೊರಲು ಬ್ಯಾಡಗಿಗೆ ಬಂದವನು. ಕಾಯಿಯ ಘಾಟಿಗೆ ಸೀನಿ ಸೀನಿ ಮೂರು ದಿನ ಅವನಿಗೆ ಊಟ ಸೇರಿರಲಿಲ್ಲ. ಆಗ ಅವನನ್ನು ರಾಶಿಯ ಪಕ್ಕಕ್ಕೆ ಕೂರಿಸಿಕೊಂಡು ಕಾಯಿಯ ಗುಣ ಕಲಿಸಿದವಳು ಗದಿಗೆವ್ವ. ಅವಳು ಕಾಯಿಯನ್ನು ಕಿವಿಯ ಹತ್ತಿರ ಅಲುಗಾಡಿಸಿ, ಬೀಜದ ಸದ್ದಿನ ಮೇಲೆ ಎಷ್ಟು ಒಣಗಿದೆ, ಎಷ್ಟು ಹಸಿ ಉಳಿದಿದೆ ಎಂದು ಹೇಳಿಬಿಡುವಳು. ಬಿಸಿಲಿಗೆ ಹಿಡಿದು ನೋಡಿದರೆ ಸಾಕು, ಆ ಕೆಂಪು ಎಷ್ಟು ತಿಂಗಳು ನಿಲ್ಲುತ್ತದೆ ಎಂಬುದೂ ಅವಳಿಗೆ ಗೊತ್ತಾಗುತ್ತಿತ್ತು. ಇಷ್ಟೆಲ್ಲ ಅವಳಿಂದ ಕಲಿತ ಮಲಂಗಸಾಬ ಕಡೆಗೆ ಅವಳ ಮೇಲೆಯೇ ಮುಕಾದಮನಾದ. ಯಾಕೆಂದರೆ ಅವನಿಗೆ ಓದಲು ಬರೆಯಲು ಬರುತ್ತಿತ್ತು, ಅವಳಿಗೆ ಬರುತ್ತಿರಲಿಲ್ಲ.

ತೊಂಬತ್ತಮೂರರ ಸುಗ್ಗಿಗೆ ಮುಂಚೆ ಮ್ಯಾನೇಜರ ವಿರೂಪಾಕ್ಷಪ್ಪ ಗೆರೆ ಹೊಡೆದ ದೊಡ್ಡ ಹಾಳೆಯೊಂದನ್ನು ತಂದು ಅವನ ಕೈಗಿತ್ತ.

"ತೇವ ಅಳಿಯೂ ಮಶೀನ್ ಬರಾಕತ್ತೈತಿ, ಮಲಂಗಸಾಬ್ರ. ಕೆಲಸಕ್ಕ ಏನೇನ್ ಬರಬೇಕು ಅನ್ನೂದು ಮ್ಯಾಲ ಬರದೈತಿ. ಯಾರಿಗೆ ಎಷ್ಟು ಬರ್ತೈತಿ ಅನ್ನೂದನ್ನ ನೀವು ಬರೀರಿ. ಏನೂ ಬರದಿದ್ರ ಸೊನ್ನಿ, ಪೂರ್ತಿ ಬಂದ್ರ ಐದು. ಎಲ್ಲಿ ಕಡಿಮಿ ಬೀಳತೈತಿ, ಅದನ್ನ ಕಲಿಸಾಕ ಧಾರವಾಡಕ್ಕ ಟ್ರೇನಿಂಗಿಗೆ ಕಳಸೂಣು. ಪಗಾರ ಕಟ್ ಇಲ್ಲ. ಖರೇ ಬರೀರಿ, ಮುಲಾಜ ಬ್ಯಾಡ."

ಬಣ್ಣ ನೋಡುವುದು, ತೇವ ನೋಡುವುದು, ಮಶೀನಿನ ಅಂಕಿ ಓದುವುದು, ಚೀಟಿ ಬರೆಯುವುದು ಎಂದು ಹಾಳೆಯಲ್ಲಿ ನಾಲ್ಕು ಮನೆಗಳಿದ್ದವು. ಮಲಂಗಸಾಬ ಖರೇನೇ ಬರೆದ. ಪ್ರೇಮವ್ವನಿಗೆ ಅಂಕಿಯಲ್ಲಿ ಒಂದು. ಅಲ್ಲೇ ಕಾಯಿ ಆರಿಸುತ್ತಿದ್ದ ಸ್ವಂತ ತಂಗಿ ಕುಲ್ಸುಮಬಿಗೂ ಸೊನ್ನೆ ಹಾಕಲು ಹಿಂದೆಮುಂದೆ ನೋಡಲಿಲ್ಲ. ಗದಿಗೆವ್ವನ ಹೆಸರು ಬಂತು. ಬಣ್ಣಕ್ಕೆ ಐದು, ತೇವಕ್ಕೆ ಐದು. ಮೂರನೆಯ ಮನೆಗೆ ಬಂದಾಗ ಪೆನ್ನು ನಿಂತಿತು. ಕಲಿಸಿದವಳ ಹೆಸರಿನ ಮುಂದೆ, ಅವಳೇ ಕಲಿಸಿದ ಕೈಯಿಂದ ಸೊನ್ನೆ ಬರೆಯುವುದೇ? ನಾಳೆ ಆ ಹಾಳೆಯನ್ನು ನಾಲ್ಕು ಜನ ನೋಡುವುದಿಲ್ಲವೇ? ಬರೆದೇ ಬಿಟ್ಟ, ಐದು. ಮುಂದಿನದಕ್ಕೂ ಐದು. ಉಸ್ತಾದಳ ಮಾನ ಉಳಿಸಿದೆನೆಂದು ಮನಸ್ಸಿಗೆ ಹಿತವಾಯಿತು. ಸುಡಲಿ ಆ ಹಿತ.

ಐದು ಜನ ಹೆಂಗಸರು ಧಾರವಾಡಕ್ಕೆ ಹೊರಟು ನಿಂತ ದಿನ ಗದಿಗೆವ್ವ ಕೇಳಿದಳು. "ನನ್ನ ಹೆಸರ ಬಂದಿಲ್ಲೇನೋ, ಮಲಂಗಾ?"

"ನಿನಗ ಅವರೇನ್ ಕಲಿಸ್ತಾರ ಬಿಡವ್ವಾ. ಎಲ್ಲಾ ಬರ್ತೈತಿ ಅಂತ ಬರದೇನಿ."

ಅವಳು "ಹೌದಾ," ಎಂದು ಮತ್ತೆ ಕಾಯಿ ಆರಿಸತೊಡಗಿದಳು.

ಮಶೀನು ಬಂತು. ಮುಂಬೈಯಿಂದ ಮಾಲು ಕೊಳ್ಳುವವರೂ ನೋಡಲು ಬಂದರು. ವಿರೂಪಾಕ್ಷಪ್ಪ ಹಾಳೆಯನ್ನು ನಂಬುವ ಮನುಷ್ಯ. ಎಲ್ಲದರಲ್ಲೂ ಐದು ಪಡೆದವಳು ಇರುವಾಗ ಬೇರೆಯವರೇಕೆ ಎಂದು ಗದಿಗೆವ್ವನನ್ನೇ ಎಲ್ಲರ ಮುಂದೆ ಮಶೀನಿನ ಹತ್ತಿರ ನಿಲ್ಲಿಸಿದ.

"ಎಷ್ಟ ತೋರಸಾಕತ್ತೈತಿ, ಹೇಳ್ರಿ ಯವ್ವಾ."

ಗದಿಗೆವ್ವ ಮಶೀನನ್ನು ನೋಡಿದಳು. ಆಮೇಲೆ ಮಲಂಗಸಾಬನನ್ನು ನೋಡಿದಳು. ತಪ್ಪು ನನ್ನದು, ಸುಳ್ಳು ಬರೆದವನು ನಾನು ಎಂದು ಅವನು ಒಂದು ಮಾತು ಅಂದಿದ್ದರೆ ಮುಗಿಯುತ್ತಿತ್ತು. ಅನ್ನಲು ಹೊರಟ. ಸುಳ್ಳು ಬರೆದ ಮುಕಾದಮನನ್ನು ಯಾವ ಕಂಪನಿ ಇಟ್ಟುಕೊಳ್ಳುತ್ತದೆ ಎಂಬ ಯೋಚನೆ ಅದರ ಹಿಂದೆಯೇ ಬಂತು. ಆ ಸಂಭಾವಿತ ಮನುಷ್ಯ ಬಾಯಿ ಮುಚ್ಚಿಕೊಂಡು ನಿಂತ.

"ಕಣ್ಣ ಮಂಜ ಆಗ್ಯಾವ್ರಿ ಸಾಹೇಬ್ರ," ಎಂದಳು ಗದಿಗೆವ್ವ. "ಕಾಣವಲ್ದು."

ಕಣ್ಣು ಮಂಜಾದವಳನ್ನು ಬಣ್ಣ ನೋಡುವ ರಾಶಿಯ ಮುಂದೆ ಯಾರು ಕೂರಿಸುತ್ತಾರೆ? ಮರುದಿನವೇ ಅವಳನ್ನು ತೊಟ್ಟು ಮುರಿಯುವ ಸಾಲಿಗೆ ಹಾಕಿದರು. ಮಶೀನಿನ ಮುಂದೆ, ಧಾರವಾಡದಲ್ಲಿ ಕಲಿತು ಬಂದ ಕುಲ್ಸುಮಬಿ ಕುಳಿತಳು. ಬ್ಯಾಡಗಿಯಲ್ಲಿ ಗದಿಗೆವ್ವನಂಥ ಕಣ್ಣು ಇನ್ನೊಂದಿರಲಿಲ್ಲ. ಇವನೊಬ್ಬನ ನೌಕರಿ ಉಳಿಯಲೆಂದು ಅವಳು ಆ ಕಣ್ಣನ್ನೇ ಕುರುಡು ಮಾಡಿಕೊಂಡಳು.

ಎರಡು ಸುಗ್ಗಿ ಹೀಗೇ ಕಳೆದವು. ಮಲಂಗಸಾಬ ಆ ಸಾಲಿನ ಹತ್ತಿರ ಹಾಯಬೇಕಾದರೆ ಚೀಲ ಎಣಿಸುವ ನೆಪ ಮಾಡಿ ಬೇರೆ ಕಡೆ ನೋಡುತ್ತಿದ್ದ. ಹೇಳಬಾರದ್ದು ಇನ್ನೊಂದಿದೆ. ಮಶೀನಿನ ಅಂಕಿಯ ಮೇಲೆ ಅನುಮಾನ ಬಂದಾಗಲೆಲ್ಲ ಒಂದು ಹಿಡಿ ಕಾಯಿ ರುಮಾಲಿನಲ್ಲಿ ಕಟ್ಟಿಕೊಂಡು ಅವಳ ಹತ್ತಿರವೇ ಹೋಗುತ್ತಿದ್ದ. ಅವಳು ಕಿವಿಗಿಟ್ಟು ಅಲುಗಾಡಿಸಿ, "ಇನ್ನೊಂದ ಬಿಸಲ ಬೇಕಿದಕ್ಕ," ಎನ್ನುವಳು. ಅದನ್ನೇ ಅವನು ಒಳಗೆ ಹೋಗಿ ತನ್ನ ಮಾತೆಂಬಂತೆ ಹೇಳುವನು. ನಾಚಿಕೆಯೇನೋ ಆಗುತ್ತಿತ್ತು, ಆದರೂ ಹೋಗುವುದನ್ನು ಬಿಡಲಿಲ್ಲ.

ಒಂದು ಮಧ್ಯಾಹ್ನ ಹಾಗೆ ಹೋದಾಗ ಅವಳು ಉರಿಯುವ ಬೆರಳುಗಳಿಗೆ ಹಸಿ ಬಟ್ಟೆ ಸುತ್ತಿಕೊಂಡು ಕುಳಿತಿದ್ದಳು. ಅವನು ರುಮಾಲು ಬಿಚ್ಚಲಿಲ್ಲ. ಅವಳ ಎದುರಿಗೆ ನೆಲದ ಮೇಲೆ ಕುಳಿತ.

"ತಪ್ಪಾತವ್ವಾ," ಎಂದ. "ನಿನ್ನ ಹೆಸರಿನ ಮುಂದ ಬರೂದಿಲ್ಲ ಅಂತ ಹೆಂಗ ಬರೀಲಿ? ನೀ ಸಿಟ್ಟಾಗ್ತಿದ್ದಿ."

"ಆಗ್ತಿದ್ದೆ," ಎಂದಳು ಗದಿಗೆವ್ವ. ಬಟ್ಟೆ ಬಿಚ್ಚಿಟ್ಟು ಒಂದು ಕಾಯಿಯ ತೊಟ್ಟು ಮುರಿದಳು. "ಎರಡ ದಿನ ನಿನ್ನ ಕೂಡ ಮಾತ ಬಿಡತಿದ್ದೆ. ಮೂರನೇ ದಿನ ಧಾರವಾಡದ ಬಸ್ ಹತ್ತತಿದ್ದೆ."