ಕನ್ನಡಿಯೊಳಗಿನ ಸರೋವರ

ಕತ್ತರಿಯಣ್ಣನ ಕ್ಷೌರದಂಗಡಿಗೆ ಎರಡೇ ಅಲಂಕಾರ. ಎದುರಿಗೆ ಗೋಡೆಯುದ್ದದ ಕನ್ನಡಿ. ಬೆನ್ನ ಹಿಂದೆ, ವರ್ಷಗಳು ಉರುಳಿದರೂ ಮೊಳೆಯಿಂದ ಇಳಿಯದ ಕ್ಯಾಲೆಂಡರು. ಅದರಲ್ಲಿ ಯುರೋಪಿನ ಕೆಂಪು ರೈಲೊಂದು ನಮಗೆ ಬೆನ್ನು ತೋರಿಸಿ ಹೊರಟಿದೆ. ಒಂದು ಮಗ್ಗುಲಿಗೆ ನೀಲಿ ಸರೋವರ, ಇನ್ನೊಂದು ಮಗ್ಗುಲಿಗೆ ಬೋಳು ಬಂಡೆ.

ಆ ಸರೋವರದ ಮೇಲೆ ಅವನ ಹೆಂಡತಿಗೆ ಕಣ್ಣು. ಕಾರಣವೂ ಇತ್ತು. ಮದುವೆಯಾದ ಹೊಸತರಲ್ಲಿ ಹೋದ ಪ್ರವಾಸದಲ್ಲಿ ಕತ್ತರಿಯಣ್ಣ ಕಿಟಕಿ ಪಕ್ಕ ಕೂತು, ಊರು ಮುಟ್ಟುವವರೆಗೂ ನಿದ್ದೆ ಹೊಡೆದಿದ್ದ. "ಎಲ್ಲರೂ ಜಲಪಾತ ನೋಡಿದ್ರು, ನಾನು ಇವರ ಗೊರಕೆ ನೋಡ್ದೆ" ಎಂದು ಆಕೆ ನೆಂಟರ ಪ್ರತಿ ಮದುವೆಯಲ್ಲೂ ಊಟಕ್ಕೆ ಮೊದಲೇ ಬಡಿಸುತ್ತಿದ್ದಳು. ಅಂತೂ ಇಂತೂ ಯುರೋಪಿಗೆ ಹೊರಡುವ ಕಾಲ ಬಂದಾಗ ಅವಳದು ಒಂದೇ ಷರತ್ತು.

"ಆ ಸರೋವರ ನನ್ನ ಕಿಟಕೀಲಿ ಕಾಣ್ಬೇಕು. ಕಾಣ್ಲಿಲ್ವೋ, ಗೊರಕೆ ಕಥೆ ಮೊಮ್ಮಕ್ಕಳಿಗೂ ಹೇಳ್ಕೊಟ್ಟು ಹೋಗ್ತೀನಿ."

ರೈಲು ಗೊತ್ತುಮಾಡಿಕೊಡಲು ಬಂದವಳು ಹೆಂಡತಿಯ ತಂಗಿಯ ಮಗಳು. ಟ್ರಾವೆಲ್ಸ್ ಆಫೀಸಿನಲ್ಲಿ ಅವಳಿಗೆ ಕೆಲಸ. ದೊಡ್ಡಪ್ಪ ಗಿರಾಕಿ ಬಿಟ್ಟು ಏಳುವ ಆಸಾಮಿಯಲ್ಲವೆಂದು ಗೊತ್ತಿದ್ದರಿಂದ ತಾನೇ ಲ್ಯಾಪ್‌ಟಾಪ್ ಹೊತ್ತು ತಂದು, ಕ್ಯಾಲೆಂಡರಿನ ಕೆಳಗಿನ ಬೆಂಚಿನಲ್ಲಿ ಕೂತಳು. ಕುರ್ಚಿಯಲ್ಲಿ ಮುಖದ ತುಂಬ ನೊರೆ ಹೊತ್ತ ಮೇಷ್ಟ್ರು.

"ದೊಡ್ಡಪ್ಪ, ಟಿಕೆಟ್ ಆಯ್ತು. ಇನ್ನು ಸೀಟು ಬುಕ್ ಮಾಡ್ಬೇಕು."

"ಟಿಕೆಟ್ ಬೇರೆ, ಸೀಟು ಬೇರೆನಾ? ಛತ್ರ ಗೊತ್ತಾಯ್ತು, ಇನ್ನು ಹೆಣ್ಣು ಹುಡುಕ್ಬೇಕು ಅಂದ ಹಾಗಾಯ್ತಲ್ಲೇ."

"ಅಲ್ಲಿ ಹಾಗೇ. ಕಿಟಕಿ ಎರಡು ಕಡೆನೂ ಖಾಲಿ ಇದೆ. ಸರೋವರ ಯಾವ ಕಡೆ ಅಂತ ಇದರಲ್ಲಿ ಇಲ್ಲ. ಯಾರನ್ನಾದ್ರೂ ಕೇಳ್ಲಾ?"

"ಕೇಳೋದೇನು? ದಿನಾ ನೋಡೋ ಸರೋವರ."

ಕತ್ತಿ ಹಿಡಿದವನು ಹಿಂದೆ ತಿರುಗಬಾರದೆಂಬುದು ಅವನ ಕಸುಬಿನ ಧರ್ಮ. ಬಾಗಿಲಿಗೆ ಬಂದವರು, ಬೀದಿಯ ಜಗಳ, ಕ್ಯಾಲೆಂಡರು, ಎಲ್ಲವನ್ನೂ ಅವನು ನೋಡುತ್ತಿದ್ದದ್ದು ಎದುರಿನ ಕನ್ನಡಿಯಲ್ಲೇ. ಅಲ್ಲಿ ಸರೋವರ ರೈಲಿನ ಬಲಕ್ಕೆ ಥಳಥಳಿಸುತ್ತಿತ್ತು.

"ಬಲಗಡೆ. ಒತ್ತಮ್ಮ."

ಮೇಷ್ಟ್ರು "ಉಂ... ಉಂ..." ಎಂದರು. ಗಂಟಲ ಮೇಲೆ ಕತ್ತಿ ಕೂತಾಗ ಅದಕ್ಕಿಂತ ಹೆಚ್ಚು ಸತ್ಯ ನುಡಿಯುವುದು ಯಾರಿಂದಾದೀತು?

"ಅಲುಗಾಡ್ಬೇಡಿ ಮೇಷ್ಟ್ರೇ" ಎಂದ ಕತ್ತರಿಯಣ್ಣ. ಸೀಟು ಬುಕ್ ಆಯಿತು.

ಯುರೋಪಿನಲ್ಲಿ ಆ ಕೆಂಪು ರೈಲೇ ಬಂತು. ಹೆಂಡತಿ ಬಲಗಡೆಯ ಕಿಟಕಿಗೆ ಮೂಗು ಒತ್ತಿ ಕೂತಳು. ಬಂಡೆ ಬಂತು. ಆ ಬಂಡೆ ಮುಗಿದು ಅದರ ತಮ್ಮ ಬಂದ.

"ರೀ, ನಿಮ್ಮ ಸರೋವರ ಬಹಳ ಗಟ್ಟಿಯಾಗಿದೆ."

ಕತ್ತರಿಯಣ್ಣನ ಮುಖ ಹುಳ್ಳಗಾಯಿತು. ಇಷ್ಟು ವರ್ಷ ಅನ್ನ ಹಾಕಿದ ಕನ್ನಡಿ ಎಡವನ್ನು ಬಲ ಮಾಡಿ ತೋರಿಸಿ ಕೈ ಕೊಟ್ಟಿತ್ತು. ಎಡಗಡೆ ಇದ್ದದ್ದು ಒಂಟಿ ಸೀಟುಗಳ ಸಾಲು. ಅವರ ನೇರಕ್ಕೆ ಕೂತಿದ್ದ ಆಜಾನುಬಾಹು ಒಬ್ಬ ಪತ್ರಿಕೆಯನ್ನು ಕೋಟೆಬಾಗಿಲಿನಂತೆ ಬಿಡಿಸಿ ಹಿಡಿದಿದ್ದ. ಸರೋವರವೆಲ್ಲ ಅದರಾಚೆಗೆ.

ಆದರೆ ವೀರನಾದವನು ಆಯುಧ ಬಿಟ್ಟು ಹೊರಡುವನೇ? ಕತ್ತರಿಯಣ್ಣ ಚೀಲದಿಂದ ಕೈಗನ್ನಡಿ ತೆಗೆದ. ಗಿರಾಕಿಗಳಿಗೆ ಹಿಂದಲೆ ತೋರಿಸುವ ಅದೇ ಕನ್ನಡಿ. ಎದ್ದು ನಿಂತು, ಅದನ್ನು ಹೆಂಡತಿಯ ಕಿಟಕಿಯ ಮೇಲ್ಗಡೆ ಓರೆಯಾಗಿ ಎತ್ತಿ ಹಿಡಿದ.

"ಕಾಣ್ತಾ?"

"ಪೇಪರ್ ಕಾಣ್ತು. ಇನ್ನೂ ಮೇಲೆ. ಅಯ್ಯೋ, ಅಷ್ಟಲ್ಲ. ಹಾಂ, ಅಂಗೈಯಷ್ಟು ನೀರು ಕಾಣ್ತು. ಇದಕ್ಕೆ ಇಷ್ಟು ದೂರ ಬರ್ಬೇಕಿತ್ತಾ? ಮನೇಲಿ ಬಕೆಟ್ ಇರ್ಲಿಲ್ವಾ?"

ಅಷ್ಟರಲ್ಲಿ ಕನ್ನಡಿಯ ಬಿಸಿಲು ಪತ್ರಿಕೆಯ ಮೇಲೆ ಕುಣಿಯಿತು. ಆಜಾನುಬಾಹು ತಿರುಗಿದ. ಕನ್ನಡಿಯಲ್ಲಿ ಅವನಿಗೆ ಕಂಡದ್ದು ತನ್ನದೇ ಕಿವಿ. ಕಂಡಿತೆನ್ನುವುದೂ ತಪ್ಪು, ಅದು ಕೂದಲ ಪೊದೆಯೊಳಗಿತ್ತು. ಅವನು ನಾಚಿ ಕಿವಿ ತಡವಿಕೊಂಡ. ಕತ್ತರಿಯಣ್ಣ ತಡಮಾಡದೆ ಎರಡು ಬೆರಳನ್ನು ಕತ್ತರಿಯಂತೆ ಆಡಿಸಿ, ಹೆಂಡತಿಯ ಸೀಟು ತೋರಿಸಿದ. ಕಸುಬಿಗೆ ಭಾಷೆ ಬೇಡ. ಆತ ಎದ್ದು ಬಂದು ಕೂತ. ಹೆಂಡತಿ ಚಂಗನೆ ಅವನ ಜಾಗಕ್ಕೆ ಹಾರಿದಳು. ಕೋಟೆಬಾಗಿಲಾಗಿದ್ದ ಪತ್ರಿಕೆ ಈಗ ಗಿರಾಕಿಯ ಕೊರಳ ಸುತ್ತ ಹೊದಿಕೆಯಾಯಿತು, ಚೀಲದಿಂದ ಕತ್ತರಿಯೂ ಹೊರಬಂತು.

ಸರೋವರ ಕಿಟಕಿ ತುಂಬ ಹರಡಿತ್ತು. ಹೆಂಡತಿ ಈ ಕಿಟಕಿಗೂ ಮೂಗು ಒತ್ತಿದಳು. ಆಮೇಲೆ ಮೆಲ್ಲಗೆ ಕರೆದಳು.

"ರೀ, ಬನ್ನಿ, ಒಂದ್ಸಲ ನೀವೂ ನೋಡಿ."

"ಇರೇ" ಎಂದ ಕತ್ತರಿಯಣ್ಣ, ಹಿಂದೆ ತಿರುಗದೆ. "ಇನ್ನೊಂದು ಕಿವಿ ಬಾಕಿ ಇದೆ."