ದೊಡ್ಡವ್ವ ರುಚಿ ನೋಡಿದ ಚೆರಿ ಬಿಯರ್

ಗಡಿಗೆಯ ಮುಚ್ಚಳ ತೆಗೆದು ವಾಸನೆ ನೋಡುವಾಗ ದೊಡ್ಡವ್ವ ತಲೆಯನ್ನು ಎಷ್ಟು ಬಗ್ಗಿಸುತ್ತಿದ್ದಳೆಂದರೆ, ಎದ್ದು ನಿಂತಾಗ ಅವಳ ಮೂಗುಬಟ್ಟಿನ ಹರಳಿಗೆ ಅಂಬಲಿಯ ಬಿಳಿ ನೊರೆ ಹತ್ತಿರುತ್ತಿತ್ತು. ಯಾರಾದರೂ ಹೇಳಿದರೆ ಸೆರಗಿನ ತುದಿಯಿಂದ ಒರೆಸಿಕೊಳ್ಳುತ್ತಿದ್ದಳು. ಹೇಳದಿದ್ದರೆ ಹಾಗೆಯೇ ಮಸ್ಕಿಯ ಬಜಾರಿಗೆ ಹೋಗಿ ಬರುತ್ತಿದ್ದಳು. ನಾನು ಬೇಕೆಂದೇ ಹೇಳುತ್ತಿರಲಿಲ್ಲ. ಮನೆಯಲ್ಲಿ ಎಲ್ಲರಿಗೂ ಜೋರು ಮಾಡುವ ಹೆಂಗಸು ಮೂಗಿನ ಮೇಲೆ ನೊರೆ ಇಟ್ಟುಕೊಂಡು ಕಾಯಿಪಲ್ಯದವನ ಜೊತೆ ಜಗಳವಾಡುವುದನ್ನು ನೋಡುವ ಸುಖ ನನಗೆ ಬೇಕಿತ್ತು.

ಅವಳು ನನ್ನ ಅಪ್ಪನ ಅಣ್ಣನ ಹೆಂಡತಿ. ನನಗೆ ಬುದ್ಧಿ ತಿಳಿಯುವ ಮೊದಲೇ ಅವ್ವ ತೀರಿಕೊಂಡಿದ್ದಳು. ಲಿಂಗಸುಗೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅಪ್ಪನಿಗೆ ಸೀರೆ ಮಡಿಸಲು ಬರುತ್ತಿತ್ತು, ಜಡೆ ಹಾಕಲು ಬರುತ್ತಿರಲಿಲ್ಲ. ಹಾಗಾಗಿ ನನ್ನನ್ನು ಮಸ್ಕಿಯಲ್ಲಿ ದೊಡ್ಡವ್ವನ ಮಡಿಲಿಗೆ ಹಾಕಿದ. ಅಲ್ಲಿಯೇ ಬೆಳೆದೆ, ಅಲ್ಲಿಂದಲೇ ಕಾಲೇಜಿಗೆ ಹೋದೆ. ತನ್ನ ಮಕ್ಕಳಿಗೂ ನನಗೂ ಅವಳು ಭೇದ ಮಾಡಲಿಲ್ಲ. ಬೈಯುವುದರಲ್ಲಂತೂ ಖಂಡಿತ ಮಾಡಲಿಲ್ಲ.

ಅವಳಷ್ಟು ಕಟ್ಟುನಿಟ್ಟಾಗಿ ಲಿಂಗಪೂಜೆ ಮಾಡುವವರು ನಮ್ಮ ಬಳಗದಲ್ಲಿ ಇರಲಿಲ್ಲ. ಏನೇ ಅಡುಗೆಯಾದರೂ ಮೊದಲು ಅಂಗೈಯ ಲಿಂಗಕ್ಕೆ ತೋರಿಸಬೇಕು, ಆಮೇಲೆ ಬಾಯಿಗೆ. ಅದಕ್ಕೂ ಮುಂಚೆ ನಾಲಿಗೆಗೆ ತಾಗಿಸಿದರೆ ಎಂಜಲು. ಆದ್ದರಿಂದ ಅವಳು ಜನ್ಮವಿಡೀ ರುಚಿ ನೋಡದೆಯೇ ಅಡುಗೆ ಮಾಡಿದಳು. ಎಲ್ಲ ಮೂಗಿನ ಮೇಲೆ. ಉಪ್ಪಿಗೆ ವಾಸನೆ ಇಲ್ಲವಲ್ಲ, ಅಲ್ಲಿ ಮಾತ್ರ ಸೋಲುತ್ತಿದ್ದಳು. ಸಾರಿಗೆ ಉಪ್ಪು ಹೆಚ್ಚಾಗಿದೆಯೆಂದು ಅವಳಿಗೆ ತಿಳಿಯುತ್ತಿದ್ದದ್ದು ನಮ್ಮೆಲ್ಲರಿಗೂ ತಿಳಿಯುವ ಹೊತ್ತಿಗೇ. ಹಾಗೆಂದು ಚೆಲ್ಲುವ ಮಾತೇ ಇಲ್ಲ. ಲಿಂಗಕ್ಕೆ ತೋರಿಸಿದ ಮೇಲೆ ಅದು ಪ್ರಸಾದ. ಪೂರ್ತಿ ಉಣ್ಣಬೇಕು, ತಟ್ಟೆಯನ್ನು ನೀರು ಹಾಕಿ ತೊಳೆದು ಆ ನೀರನ್ನೂ ಕುಡಿಯಬೇಕು. ಅಂಥ ಉಪ್ಪುಸಾರಿನ ದಿನ ನಾವು ಹುಡುಗರು ಕೊಡಗಟ್ಟಲೆ ನೀರು ಕುಡಿದು ಅಂಗಳದಲ್ಲಿ ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದೆವು.

ಆದರೆ ಹುಳಿಯ ವಿಷಯದಲ್ಲಿ ಅವಳು ಸೋತದ್ದನ್ನು ನಾನು ನೋಡಲಿಲ್ಲ. ಜೋಳದ ಅಂಬಲಿ, ಪುಂಡಿಪಲ್ಯ, ಕವಳಿಕಾಯಿ ಉಪ್ಪಿನಕಾಯಿ, ಯಾವುದಕ್ಕೆ ಯಾವ ಹುಳಿ ಎಂಬುದು ಅವಳಿಗೆ ಗೊತ್ತಿತ್ತು. ಅಂಬಲಿಗೆ ಸಂತೆಕಲ್ಲೂರಿನ ಒಣ ಹೊಲದ ಜೋಳವೇ ಆಗಬೇಕು. ಕಾಲುವೆ ನೀರು ಕುಡಿದ ಜೋಳಕ್ಕೆ ಸೊಕ್ಕು ಜಾಸ್ತಿ, ಅದು ಹುಳಿಗೆ ಬಗ್ಗುವುದಿಲ್ಲ ಎಂದು ಅವಳ ವಾದ. ಕಾಲುವೆ ಸೀಮೆಯ ಸಿಂಧನೂರಿಗೆ ಕೊಟ್ಟ ಮಗಳು ತನ್ನ ಮನೆಯ ಜೋಳವನ್ನು ಚೀಲ ತುಂಬಿ ಕಳಿಸಿದರೆ ಅದನ್ನು ರೊಟ್ಟಿಗೆ ಹಾಕಿ, ಅಂಬಲಿಗೆಂದು ಸಂತೆಕಲ್ಲೂರಿನಿಂದ ಆಟೋದಲ್ಲಿ ಬೇರೆ ತರಿಸುತ್ತಿದ್ದಳು. ಮಗಳು ಮುನಿಸಿಕೊಂಡರೂ ಕೇಳುತ್ತಿರಲಿಲ್ಲ.

ಹಿಟ್ಟು ಹುಳಿಯಲು ಇಟ್ಟ ಗಡಿಗೆ ಅಡುಗೆಮನೆಯ ಮೂಲೆಯಲ್ಲಿ ಇರುತ್ತಿತ್ತು. ನನಗೆ ಅದರೊಳಗೆ ಏನು ನಡೆಯುತ್ತದೆಂದು ನೋಡುವ ಚಟ. ಒಮ್ಮೆ ಹೀಗೆ ಮುಚ್ಚಳ ಎತ್ತಿ ಇಣುಕುವಾಗ ಸಿಕ್ಕಿಬಿದ್ದೆ. ಹೊಡೆಯುತ್ತಾಳೆಂದು ಹೆದರಿದ್ದೆ. ಅವಳು ನನ್ನ ಕೈಯಿಂದ ಮುಚ್ಚಳ ಕಸಿದುಕೊಂಡು, "ಅದು ತನ್ನ ಪಾಡಿಗಿ ತಾ ಹುಳಿ ಆಗಾಕತ್ತೈತಿ. ನೀ ಯಾಕ ನಡುವ ಮಾರಿ ತೋರ್ಸಾಕ ಹೋಗ್ತಿ?" ಎಂದಳು. ಆ ಮಾತಿನಿಂದ ನನ್ನ ಹೊಟ್ಟೆಪಾಡು ನಡೆಯುತ್ತದೆ ಎಂದು ಆಗ ಇಬ್ಬರಿಗೂ ತಿಳಿದಿರಲಿಲ್ಲ.

ಆಹಾರ ತಂತ್ರಜ್ಞಾನ ಓದಿ ನಾನು ಸೇರಿದ್ದು ಪುಣೆಯ ಹೊರಗಿನ ಒಂದು ಸಣ್ಣ ಬಿಯರ್ ಕಾರ್ಖಾನೆಗೆ. ಕೆಲಸ ನನಗೆ ಹಿಡಿಸಿತು. ಅಪ್ಪನಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದಂತೆ ಹೇಳಿದೆ. ಅವನು ಆ ಕೆಲಸ ಮಾಡುವ ಕೈಯಿಂದ ಪೂಜೆಯ ಸಾಮಾನು ಮುಟ್ಟಬೇಡ, ನಾಲ್ಕು ಜನರ ಪಂಕ್ತಿಯಲ್ಲಿ ಊಟಕ್ಕೆ ಕೂರಬೇಡ ಎಂದ. ದೊಡ್ಡವ್ವನಿಗೆ ನಾನೇ ಹೇಳುತ್ತೇನೆಂದರೆ ಬೇಡವೆಂದು ಆಣೆ ಹಾಕಿದ. ಅವಳಿಗೆ ಎದೆ ಒಡೆದೀತು ಎಂಬುದು ಅವನ ಭಯ. ತಾನೇ ಮಸ್ಕಿಗೆ ಹೋಗಿ, ಹುಡುಗಿ ಜೂಸ್ ಫ್ಯಾಕ್ಟರಿಯಲ್ಲಿ ಇದ್ದಾಳೆ ಎಂದು ಹೇಳಿ ಬಂದ. ದೊಡ್ಡವ್ವ ಓಣಿಯ ತುಂಬ ನನ್ನ ಜೂಸಿನ ಸುದ್ದಿ ಹಂಚಿದಳು. ಆಮೇಲೆ ಊರಿಗೆ ಹೋದಾಗಲೆಲ್ಲ ನಾನು ವಿಭೂತಿ ಗಟ್ಟಿಯನ್ನೂ ಮುಟ್ಟುತ್ತಿರಲಿಲ್ಲ. ಹಸಿವಿಲ್ಲ ಎಂದು ನೆಪ ಹೇಳಿ, ಎಲ್ಲರದೂ ಆದ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ಉಣ್ಣುತ್ತಿದ್ದೆ. ಅಪ್ಪನ ಮೇಲೆ ಸಿಟ್ಟಿತ್ತು. ಆದರೆ ಅದಕ್ಕಿಂತ ಹೆಚ್ಚಾಗಿ, ದೊಡ್ಡವ್ವನಿಗೆ ಗೊತ್ತಾದ ದಿನ ಈ ಮನೆ ನನಗೆ ಮುಗಿಯಿತು ಎಂಬ ದಿಗಿಲಿತ್ತು. ಬೇರೆ ತವರು ನನಗಿರಲಿಲ್ಲ.

ಪುಣೆಯಲ್ಲಿ ನಾನು ಮೊದಲ ಬಾರಿಗೆ ಸ್ವಂತ ಹಟದಿಂದ ಮಾಡಿದ್ದು ಹುಳಿ ಬಿಯರ್. ಹುರಿದ ಬಾರ್ಲಿಯ ಕಂದು ಬಿಯರನ್ನು ನಾಸಿಕ್‌ನಿಂದ ತಂದ ಹಳೆಯ ವೈನ್ ಪೀಪಾಯಿಗಳಿಗೆ ತುಂಬಿ ಹುಳಿಯಲು ಬಿಡಬೇಕು. ಆಮೇಲೆ ಹಿಮಾಚಲದ ಚೆರಿ ಹಣ್ಣು ಹಾಕಿ ಮತ್ತೆ ಬಿಡಬೇಕು. ವರ್ಷದ ಮೇಲೆ ಹಿಡಿಯುತ್ತದೆ. ಮಾಲೀಕನಿಗೆ ತಾಳ್ಮೆ ಇರಲಿಲ್ಲ. ಮರದ ಪೀಪಾಯಿಯನ್ನು ಕಲ್ಲಂಗಡಿಯಂತೆ ಬಡಿದು ನೋಡುವನು, ಸ್ವಲ್ಪ ತೆಗೆದು ನೋಡೋಣ ಎನ್ನುವನು. ದೊಡ್ಡವ್ವನ ಗಡಿಗೆಯ ಮಾತನ್ನೇ ನನ್ನ ಹರಕು ಹಿಂದಿಯಲ್ಲಿ ಅವನಿಗೆ ಹೇಳಿದೆ. ನಕ್ಕು ಹೋದವನು ಮತ್ತೆ ಬಡಿಯಲಿಲ್ಲ.

ಕೊನೆಗೆ ಪೀಪಾಯಿ ತೆರೆದ ದಿನ ಮೊದಲ ಗುಟುಕು ನನ್ನದೇ. ಮೊದಲು ಹುಳಿ, ಕಿವಿಯ ಕೆಳಗೆ ಜುಮ್ಮೆನ್ನುವಂಥದು. ಅದರ ಹಿಂದೆ ಚೆರಿ, ತಿರುಳಿನ ಸಿಹಿ ಹೋಗಿ ಬೀಜದ ಸಣ್ಣ ಕಹಿ ಮಾತ್ರ ಉಳಿದ ಚೆರಿ. ಆಮೇಲೆ ಹೊತ್ತಿದ ರೊಟ್ಟಿಯ ಅಂಚು. ಎಲ್ಲಕ್ಕಿಂತ ಕೊನೆಗೆ ಮರ, ನಾಲಿಗೆಯನ್ನು ಸ್ವಲ್ಪ ಒಣಗಿಸಿ ಬಿಡುವ ಒಗರು. ನನಗೆ ಅಲ್ಲಿಯೇ ಅಳು ಬಂತು. ಆ ಹುಳಿ ನಾನು ಹುಟ್ಟಿನಿಂದ ಬಲ್ಲ ಹುಳಿ. ಅದನ್ನು ಕಲಿಸಿದವಳಿಗೆ ಮಾತ್ರ ತೋರಿಸುವ ಹಾಗಿರಲಿಲ್ಲ.

ಆ ಬಿಯರನ್ನು ಒಬ್ಬ ಹೋಟೆಲಿನವನಿಗೆ ತೋರಿಸಲು ಹೈದರಾಬಾದಿಗೆ ಹೊರಟಿದ್ದೆ. ಸುತ್ತುದಾರಿಯಾದರೂ ನಡುವೆ ಮಸ್ಕಿಯಲ್ಲಿ ಇಳಿದೆ. ಬೇಸಿಗೆ, ಆ ಸೆಕೆಯಲ್ಲಿ ಬ್ಯಾಗಿನಲ್ಲೇ ಬಿಟ್ಟರೆ ಕೆಡುತ್ತದೆಂದು ಬಾಟಲಿಯನ್ನು ಫ್ರಿಜ್ಜಿನಲ್ಲಿ ಮೊಸರಿನ ಗಡಿಗೆಯ ಹಿಂದೆ ಇಟ್ಟೆ. ಅದಕ್ಕಿನ್ನೂ ಹೆಸರಿನ ಚೀಟಿ ಅಂಟಿಸಿರಲಿಲ್ಲ. ತಂತಿಯಿಂದ ಬಿಗಿದ ಮುಚ್ಚಳ, ಯಾರಾದರೂ ಹೆಬ್ಬೆರಳಿನಿಂದ ತೆರೆಯಬಹುದು.

ಬೆಳಿಗ್ಗೆ ಸ್ನಾನ ಮುಗಿಸಿ ಬಂದರೆ ದೊಡ್ಡವ್ವ ಪೂಜೆಗೆ ಕೂತಿದ್ದಳು. ಎಡ ಅಂಗೈಯಲ್ಲಿ ಲಿಂಗ. ಮುಂದೆ ಬೆಳ್ಳಿ ಬಟ್ಟಲಿನ ತುಂಬ ನನ್ನ ಬಿಯರು, ಪಕ್ಕದಲ್ಲಿ ತೆರೆದ ಬಾಟಲಿ. ಕುಡಿದವರ ಬಾಯಿಯ ನಾತ ಅದಕ್ಕಿರಲಿಲ್ಲ. ಹಣ್ಣು ಮತ್ತು ಹುಳಿ, ಅವಳ ಮೂಗಿಗೆ ಸಿಕ್ಕಿದ್ದು ಅಷ್ಟೇ ಇರಬೇಕು. ಇದು ನಾನು ಮಾಡಿದ ಜೂಸು, ತೋರಿಸಲು ನಾನೇ ನಾಚಿಕೊಂಡೆ ಎಂದು ಅವಳು ತಿಳಿದಿದ್ದಳು. ತನ್ನ ಫಳಾರಕ್ಕೂ ಮೊದಲು ಅದನ್ನು ಲಿಂಗಕ್ಕೆ ಅರ್ಪಿಸಿ, ನಾನು ಬಾಯಿ ಬಿಡುವಷ್ಟರಲ್ಲಿ ಒಂದು ಗುಟುಕು ಕುಡಿದೂಬಿಟ್ಟಳು. ಎಡಗಣ್ಣು ತಾನಾಗಿ ಮುಚ್ಚಿತು.

"ಹುಳಿ ಛಲೋ ಹಿಡದೈತಿ," ಎಂದಳು. "ಹಿಂದ ಕಟಿಗಿ ವಾಸನಿ ಬರ್ತೈತಿ. ಯಾವ ಹಣ್ಣಲೇ ಇದು?"

ಚೆರಿ ಎಂದೆ. ನಮ್ಮ ಕಡೆ ಪಾನ್ ಅಂಗಡಿಯಲ್ಲಿ ಚೆರಿ ಎಂದು ಕೊಡುವುದು ಸಕ್ಕರೆ ಪಾಕದ ಕವಳಿಕಾಯಿಯನ್ನು. ಅದರಿಂದ ಇಂಥದು ಆಗುವುದುಂಟೇ ಎಂದು ಅವಳು ನನ್ನನ್ನು ಅನುಮಾನದಿಂದ ನೋಡಿದಳು. ಆ ಹೊತ್ತಿಗೆ ಲಿಂಗಸುಗೂರಿನ ಮೊದಲ ಬಸ್ಸಿಗೆ ಬಂದ ಅಪ್ಪ ಬಾಗಿಲಲ್ಲಿ ನಿಂತಿದ್ದ. ನಾನು ಬಂದಿದ್ದೇನೆಂದು ದೊಡ್ಡವ್ವನೇ ಅವನನ್ನು ಕರೆಸಿದ್ದಳು. ಬಾಟಲಿ ನೋಡಿದವನೇ ಅದು ನನ್ನ ಕೆಲಸದ್ದೆಂದು ತಿಳಿದು ಒಳಗೆ ಬಂದ.

"ವೈನಿ, ಅದು ಜೂಸಲ್ಲ. ಬಿಯರು, ಸೆರೆ," ಎಂದು ಅಣ್ಣನ ಹೆಂಡತಿಗೆ ಹೇಳಿದ. "ಆಕಿ ಮಾಡೋ ಕೆಲಸನ ಅದು. ನಾನ ನಿಮಗ ಸುಳ್ಳು ಹೇಳಿದ್ದೆ."

ದೊಡ್ಡವ್ವ ಲಿಂಗವನ್ನು ವಸ್ತ್ರದಲ್ಲಿ ಸುತ್ತಿ ಕೊರಳಿನ ಕರಡಿಗೆಯಲ್ಲಿಟ್ಟು ಮುಚ್ಚಿದಳು. ನಾನು ಅವಳ ಮುಖ ನೋಡಲಾರದೆ ಬಟ್ಟಲನ್ನೇ ನೋಡುತ್ತಿದ್ದೆ. ಅಪ್ಪ ಅದನ್ನು ಬಚ್ಚಲಿಗೆ ಸುರಿಯಲೆಂದು ಕೈ ಚಾಚಿದ. ಅವಳು ಬಟ್ಟಲನ್ನು ತನ್ನ ಕಡೆ ಎಳೆದುಕೊಂಡಳು.

"ಲಿಂಗಕ್ಕ ತೋರ್ಸಿದ್ದನ್ನ ಚೆಲ್ಲಾಕ ಬರಂಗಿಲ್ಲ, ತಮ್ಮಾ."

ಹಾಗೆಂದು ಬಟ್ಟಲನ್ನು ಎತ್ತಿ ಅವಸರವಿಲ್ಲದೆ ಪೂರ್ತಿ ಕುಡಿದಳು. ತಂಬಿಗೆಯಿಂದ ನೀರು ಹಾಕಿ, ಬೆರಳಿನಿಂದ ಸುತ್ತ ತೊಳೆದು, ಆ ನೀರನ್ನೂ ಕುಡಿದಳು. ಅಪ್ಪ ಗೋಡೆಗೆ ಒರಗಿ ಕೂತುಬಿಟ್ಟ. ಆಮೇಲೆ ಅವಳು ನನ್ನನ್ನು ಕೇಳಿದ್ದು, ಎಷ್ಟು ದಿನ ಇಟ್ಟಿದ್ದೆ ಎಂದು. ವರ್ಷದ ಮೇಲೆ ಎಂದೆ. ನಡುವೆ ಮುಚ್ಚಳ ತೆಗೆದು ನೋಡಿದೆಯಾ ಎಂದಳು. ಹಣ್ಣು ಹಾಕುವಾಗ ಒಮ್ಮೆ ಬಿಟ್ಟರೆ ಇಲ್ಲ ಎಂದೆ. ತಲೆಯಾಡಿಸಿದಳು. ಬಾಟಲಿಯಲ್ಲಿ ಉಳಿದದ್ದನ್ನು ಬ್ಯಾಗಿಗೆ ಹಾಕಿಕೊಳ್ಳಲು ಕೈಸನ್ನೆ ಮಾಡಿದಳು.

"ಬಾಟ್ಲಿ ಇನ್ನ ಈ ಮನಿಗಿ ತರಬ್ಯಾಡ," ಎಂದಳು. "ನೀ ಬರೂದು ಬಿಡಬ್ಯಾಡ."

ಎರಡನ್ನೂ ಒಂದೇ ದನಿಯಲ್ಲಿ ಹೇಳಿದಳು. ಆ ಮಧ್ಯಾಹ್ನ ತನ್ನ ಪಕ್ಕದಲ್ಲೇ ಮಣೆ ಹಾಕಿಸಿ ನನ್ನನ್ನು ಪಂಕ್ತಿಯಲ್ಲಿ ಕೂರಿಸಿದಳು, ಅಪ್ಪನನ್ನು ಎದುರಿಗೆ. ಅಪ್ಪ ತಲೆ ತಗ್ಗಿಸಿ ಉಂಡ. ನನ್ನ ಕೆಲಸ ಅವಳಿಗೆ ಒಪ್ಪಿಗೆಯಾಯಿತು ಎಂದು ಸುಳ್ಳು ಹೇಳಲಾರೆ. ಅದು ಅವಳಿಗೆ ಕೊನೆಯವರೆಗೂ ಒಪ್ಪಿಗೆಯಾಗಲಿಲ್ಲ. ಮರುದಿನ ಮಠದ ಅಯ್ಯನವರ ಮುಂದೆ ಹೋಗಿ ನಡೆದದ್ದನ್ನು ತಾನೇ ಹೇಳಿ ಬಂದಳಂತೆ. ಅದಾದ ಮೇಲೆ ಎಷ್ಟೋ ಸೋಮವಾರ ಹನಿ ನೀರೂ ಮುಟ್ಟದೆ ಉಪವಾಸ ಇದ್ದಳೆಂದು ಅವಳ ಸೊಸೆ, ನನ್ನ ಅತ್ತಿಗೆ, ಆಮೇಲೆ ಹೇಳಿದಳು. ನನ್ನ ಹತ್ತಿರ ಮಾತ್ರ ಒಂದು ದಿನವೂ ಆ ಮಾತು ಎತ್ತಲಿಲ್ಲ. ಫೋನ್ ಮಾಡಿದರೆ, ಯಾರದೋ ಮನೆಯ ಎಮ್ಮೆಗಳ ಕ್ಷೇಮ ಕೇಳುವವಳಂತೆ, "ನಿನ್ನ ಪೀಪಾಯಿ ಹೆಂಗದಾವ?" ಎಂದು ಕೇಳುತ್ತಿದ್ದಳು. ಇಂಥ ಹೆಂಗಸಿನ ಕೈಯಲ್ಲಿ ಬೆಳೆದೆನಲ್ಲ, ನನ್ನ ಪುಣ್ಯ.

ಅಪ್ಪ ಪಂಕ್ತಿಯ ಮಾತನ್ನು ಬಿಟ್ಟ. ಪೂಜೆಯ ಸಾಮಾನಿನ ಮಾತನ್ನು ಹಿಂದೆಗೆದುಕೊಳ್ಳಲಿಲ್ಲ, ನಾನೂ ಕೇಳಲಿಲ್ಲ.

ದೊಡ್ಡವ್ವ ಲಿಂಗೈಕ್ಯಳಾಗಿ ಇನ್ನೂ ವರ್ಷ ತುಂಬಿಲ್ಲ. ಅವಳ ಕೊನೆಯ ವಾರ ನಾನು ಮಸ್ಕಿಯಲ್ಲೇ ಇದ್ದೆ. ಹಾಸಿಗೆ ಹಿಡಿದಿದ್ದಳು, ಗಂಜಿಯೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಪೂಜೆ ಮಾತ್ರ ತಪ್ಪಿಸುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವಳನ್ನು ಎಬ್ಬಿಸಿ ಕೂರಿಸಿದರೆ ಅಂಗೈ ನಿಲ್ಲಲೇ ಇಲ್ಲ, ಲಿಂಗ ಜಾರುವಂತಾಯಿತು. ಅತ್ತಿಗೆ ಸ್ನಾನ ಮಾಡಿ ಮಡಿಯಲ್ಲಿ ಪಕ್ಕದಲ್ಲೇ ಇದ್ದಳು. ಸಿಂಧನೂರಿನ ಮಗಳೂ ಇದ್ದಳು. ದೊಡ್ಡವ್ವ ಇಬ್ಬರನ್ನೂ ಬಿಟ್ಟು ಕಾಲ ಕಡೆ ನಿಂತಿದ್ದ ನನ್ನನ್ನು ನೋಡಿ, ಕೈ ಕೊಡು ಎಂದಳು.

ನಾನು ಅಪ್ಪನ ಕಡೆ ನೋಡಿದೆ. ಅವನು ಬಾಗಿಲ ಹತ್ತಿರ ನಿಂತಿದ್ದ.

"ಅತ್ತಿಗಿ ಹಿಡೀತಾಳ, ದೊಡ್ಡವ್ವ," ಎಂದೆ. "ನನ್ನ ಕೈ ಬ್ಯಾಡ."

"ಯಾಕ? ನಿನ್ನ ಕೈಗಿ ಏನಾಗೇತಿ?"

ದನಿ ಕ್ಷೀಣವಾಗಿತ್ತು, ಆದರೆ ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು. ನಾನು ಅವಳ ಅಂಗೈಯ ಕೆಳಗೆ ನನ್ನ ಅಂಗೈ ಹಿಡಿದೆ. ಲಿಂಗ ನಿಂತಿತು. ಅಪ್ಪ ದೇವರ ಜಗಲಿಯ ಮೇಲಿನ ವಿಭೂತಿ ತಟ್ಟೆಯನ್ನು ತೆಗೆದುಕೊಂಡು ಬಂದು ನನ್ನ ಮುಂದೆ ಹಿಡಿದು, ದೊಡ್ಡವ್ವನ ಹಣೆಗೆ ನೀನೇ ಹಚ್ಚವ್ವ ಎಂದ.